ರಾಯರ ಕಾಗದಕ್ಕೆ ಉತ್ತರ

ಕಲ್ಕತ್ತದ ನಮ್ಮ ಕನ್ನಡ ಸಂಘದ ರಾಜ್ಯೋತ್ಸವದ ಊಟಕ್ಕೆ ಬಿಸಿಬೇಳೆ ಬಾತು ಬಡಿಸುತ್ತಿದ್ದೆ. ಸಂಘದ ಹಿರಿಯರಾದ ರಾಯರ ಎಲೆಯ ಮುಂದೆ ಬಂದಾಗ ಅವರು ಕೈ ಅಡ್ಡ ಹಿಡಿದು, "ಏನಮ್ಮಾ, ನಿನ್ನ ಮಗಳು ಸ್ಪ್ಯಾನಿಷ್ ತಗೊಂಡಿದಾಳಂತೆ, ಹೌದೇ?" ಎಂದರು. ಹೌದು ಸಾರ್ ಎಂದೆ. "ಕನ್ನಡದಲ್ಲಿ ನಾಲ್ಕು ಸಾಲು ಬರೆಯೋಕೆ ಬರಲ್ಲ, ಸ್ಪ್ಯಾನಿಷ್ ಯಾವ ಪುರುಷಾರ್ಥಕ್ಕೆ?" ಕೈಯಲ್ಲಿ ಸೌಟು, ಮುಂದೆ ಇನ್ನೂ ಮೂವತ್ತು ಎಲೆ. ಆಮೇಲೆ ಮಾತಾಡೋಣ ಎಂದು ಜಾರಿಕೊಂಡೆ.

ರಾಯರು ಬಿಡುವವರಲ್ಲ. ಹತ್ತು ದಿನಕ್ಕೆ ಮನೆಗೆ ಕಾಗದ ಬಂತು. ಫುಲ್‌ಸ್ಕೇಪ್ ಹಾಳೆ, ಎಡಕ್ಕೆ ಸ್ಕೇಲಿಟ್ಟು ಎಳೆದ ಮಾರ್ಜಿನ್ನು, ಒಂದರಿಂದ ಏಳರವರೆಗೆ ಅಂಕಿ ಹಾಕಿದ ಆಕ್ಷೇಪಗಳು, ಕೆಳಗೆ 'ಪ್ರತಿ: ಸಂಘದ ಕಾರ್ಯದರ್ಶಿಯವರಿಗೆ'. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ನೋಟು ಬರೆದ ಕೈ. ಪ್ರತಿ ಒಬ್ಬರಿಗೇ ಹೋಗಿರಲಾರದು, ಏಕೆಂದರೆ ಲೇಕ್ ಮಾರ್ಕೆಟ್ಟಿನ ಕಾಫಿಪುಡಿ ಅಂಗಡಿಯ ಮುಂದೆ ಸಿಕ್ಕವರೆಲ್ಲ ಈಗ ಆ ಏಳು ಅಂಶಗಳನ್ನು ನನಗೆ ಒಪ್ಪಿಸುತ್ತಿದ್ದಾರೆ. ಬೆಂಗಳೂರಿನಿಂದ ನಮ್ಮ ಭಾವನವರು ಫೋನಿನಲ್ಲಿ ಇನ್ನೊಂದನ್ನು ಸೇರಿಸಿದ್ದಾರೆ. ಹಾಗಾಗಿ ಉತ್ತರವನ್ನೂ ನಾಲ್ಕು ಜನರ ಮುಂದೆಯೇ ಕೊಡುತ್ತೇನೆ. ರಾಯರ ಮೇಲೆ ನನಗೆ ಗೌರವವಿದೆ. ಮದುವೆಯಾಗಿ ಈ ಊರಿಗೆ ಬಂದ ಹೊಸದರಲ್ಲಿ ನಮಗೆ ಗ್ಯಾಸ್ ಕನೆಕ್ಷನ್ ಮಾಡಿಸಿಕೊಟ್ಟವರು ಅವರೇ. ಆ ಕಾಗದದ ಮೇಲೆ ಮಾತ್ರ ಅಷ್ಟು ಗೌರವ ಹುಟ್ಟಲಿಲ್ಲ.

ಸಂಗತಿ ಇಷ್ಟು. ಮಗಳು ಈಗ ಹನ್ನೆರಡನೆಯ ತರಗತಿ. ಅವಳ ಶಾಲೆಯಲ್ಲಿ ಐ.ಬಿ. (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್) ಡಿಪ್ಲೊಮಾ ಇದೆ. ಆರು ವಿಷಯ, ಆರರಲ್ಲಿ ಒಂದು ಎರಡನೆಯ ಭಾಷೆ ಆಗಿರಲೇಬೇಕು. ಆ ಭಾಷೆಯ ಗಂಧವೇ ಇಲ್ಲದವರಿಗೆಂದು ಬೇರೆ ಪಠ್ಯ ಇಟ್ಟಿದ್ದಾರೆ. ಅದಕ್ಕೆ 'ಅಬ್ ಇನಿಶಿಯೊ' ಎಂಬ ಲ್ಯಾಟಿನ್ ಹೆಸರು, ಅಂದರೆ ಮೊದಲಿನಿಂದ. ಎರಡು ವರ್ಷಕ್ಕೆ 150 ಗಂಟೆ ಪಾಠ. ಬರೆಯುವುದಕ್ಕೆ ಕಾಲು ಭಾಗ ಅಂಕ, ಓದುವುದಕ್ಕೆ ಕಾಲು, ಕೇಳುವುದಕ್ಕೆ ಕಾಲು, ಮಾತಿಗೆ ಕಾಲು. ಮಾತಿನ ಪರೀಕ್ಷೆಯಲ್ಲಿ ಒಂದು ಚಿತ್ರ ಕೈಗೆ ಕೊಟ್ಟು ಹದಿನೈದು ನಿಮಿಷ ಬಿಡುತ್ತಾರೆ. ಆಮೇಲೆ ಅದರ ಬಗ್ಗೆ ಸ್ಪ್ಯಾನಿಷಿನಲ್ಲಿ ಮಾತಾಡಿ, ಕೇಳಿದ್ದಕ್ಕೆ ಉತ್ತರ ಹೇಳಬೇಕು. ಸಿಬಿಎಸ್‌ಇ ಪಟ್ಟಿಯಲ್ಲೂ ಸ್ಪ್ಯಾನಿಷ್ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರೌಢಶಾಲೆಯ ಹಂತದಲ್ಲಿ ಕಲಿಸಬಹುದಾದ ವಿದೇಶಿ ಭಾಷೆಗಳನ್ನು ಹೆಸರಿಸುವಾಗ ಅದನ್ನೂ ಹೆಸರಿಸಿದೆ. ನನ್ನ ಮಗಳು ಲೋಕದಲ್ಲಿ ಇಲ್ಲದ್ದನ್ನೇನೂ ಮಾಡಿಲ್ಲ.

ರಾಯರ ನಿಜವಾದ ಸಿಟ್ಟು ನಾಲ್ಕನೆಯ ಅಂಶದಲ್ಲಿದೆ, ಉಳಿದವು ಅದರ ಸುತ್ತ ಕಟ್ಟಿದ ಬೇಲಿ ಎಂದು ನನ್ನ ಗುಮಾನಿ. ಆದರೂ ಬ್ಯಾಂಕಿನವರ ಕ್ರಮಕ್ಕೆ ಬೆಲೆ ಕೊಟ್ಟು ಒಂದರಿಂದಲೇ ಬರುತ್ತೇನೆ.

ಒಂದು: 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ? ಹದಿನಾರು ದಾಟಿದ ಮೇಲೆ ಹೊಸ ಭಾಷೆ ನಾಲಿಗೆಗೆ ಹತ್ತುವುದಿಲ್ಲ.' ಸಾರ್, ಹದಿನಾರರ ಹುಡುಗಿಯನ್ನು ಮರ ಎಂದರೆ ನನ್ನನ್ನು ಏನೆನ್ನುತ್ತೀರಿ? ನಾನು ಬಂಗಾಳಿ ಕಲಿತದ್ದು ಇಪ್ಪತ್ತಾರಕ್ಕೆ, ತರಕಾರಿಯವನ ಮುಂದೆ ನಿಂತು. ನೀವು ಕಲಿತದ್ದು ವರ್ಗವಾಗಿ ಬಂದ ಮೇಲೆ, ಮೂವತ್ತರ ಮೇಲೆ. ಈಗ ನೀವು ಟ್ಯಾಕ್ಸಿಯವರ ಜೊತೆ ಜಗಳವಾಡುವ ಬಂಗಾಳಿ ಕೇಳಿದರೆ ಯಾರೂ ನಿಮ್ಮನ್ನು ತುಮಕೂರಿನವರು ಎನ್ನಲಾರರು. ಎಳೆಯ ಮಕ್ಕಳಿಗೆ ಉಚ್ಚಾರಣೆ ಹೆಚ್ಚು ಸಲೀಸು, ಅದು ನಿಜ. ವ್ಯಾಕರಣವನ್ನು ಬೇಗ ಹಿಡಿಯುವವರು ಮಾತ್ರ ಸ್ವಲ್ಪ ಬೆಳೆದವರೇ. ಮೊದಲ ವರ್ಷದಲ್ಲಿ ಹದಿಹರೆಯದವರು ಚಿಕ್ಕವರನ್ನು ಹಿಂದೆ ಹಾಕುತ್ತಾರೆ ಎಂಬುದನ್ನು ಭಾಷೆ ಕಲಿಕೆಯನ್ನು ಅಭ್ಯಾಸ ಮಾಡಿದವರು ಐವತ್ತು ವರ್ಷದಿಂದ ಹೇಳುತ್ತಿದ್ದಾರೆ.

ಅಷ್ಟಕ್ಕೂ ಇದೇ ಸೀಮೆಯವನೊಬ್ಬನ ಕಥೆ ಇದೆಯಲ್ಲ. ಇಪ್ಪತ್ತನಾಲ್ಕು ಪರಗಣದಲ್ಲಿ 1887ರಲ್ಲಿ ಹುಟ್ಟಿದ ನರೇಂದ್ರನಾಥ ಭಟ್ಟಾಚಾರ್ಯ, ಬ್ರಿಟಿಷರ ವಿರುದ್ಧ ಬಂದೂಕು ತರಲು ಹೊರಟು, ಬಟಾವಿಯ, ಜಪಾನು, ಚೀನಾ ಸುತ್ತಿ, ಅಮೆರಿಕದಲ್ಲಿ ಹೆಸರು ಬದಲಿಸಿಕೊಂಡು ಮಾನವೇಂದ್ರನಾಥ ರಾಯ್ ಆಗಿ, 1917ರಲ್ಲಿ ಮೆಕ್ಸಿಕೊ ಸೇರಿದಾಗ ಅವನಿಗೆ ಮೂವತ್ತು. ಅಲ್ಲಿ ಸ್ಪ್ಯಾನಿಷ್ ಕಲಿತ. 1918ರಲ್ಲಿ ಭಾರತದ ನಿನ್ನೆ, ಇಂದು, ನಾಳೆಗಳ ಬಗ್ಗೆ ಅವನ ಪುಸ್ತಕ ಸ್ಪ್ಯಾನಿಷಿನಲ್ಲೇ ಹೊರಬಂತು. 1919ರಲ್ಲಿ ಮೆಕ್ಸಿಕೊದ ಕಮ್ಯುನಿಸ್ಟ್ ಪಕ್ಷ ಕಟ್ಟಿದವರಲ್ಲಿ ಒಬ್ಬನಾದ, ಮರುವರ್ಷ ಮಾಸ್ಕೊಗೆ ಮೆಕ್ಸಿಕೊದ ಪ್ರತಿನಿಧಿಯಾಗಿ ಹೋದ. ಅವನ ರಾಜಕೀಯ ನಿಮಗೆ ಹಿಡಿಸದಿರಬಹುದು, ನನಗೂ ಅಷ್ಟಕ್ಕಷ್ಟೆ. ಮರ ಬಗ್ಗಿತೋ ಇಲ್ಲವೋ ಎಂಬುದಷ್ಟೇ ಇಲ್ಲಿ ಪ್ರಶ್ನೆ. ಕಿಟ್ಟೆಲ್ಲರ ಹೆಸರು ನಾನು ಎತ್ತುವುದಿಲ್ಲ. ನವೆಂಬರಿನಲ್ಲಿ ಎಲ್ಲರೂ ಎತ್ತಿ ಮುಗಿಸಿದ್ದಾರೆ.

ಎರಡು: 'ಕಲ್ಕತ್ತಕ್ಕೂ ಸ್ಪ್ಯಾನಿಷಿಗೂ ಎತ್ತಣಿಂದೆತ್ತ ಸಂಬಂಧ?' ಐವತ್ತು ವರ್ಷ ಈ ಊರಿನಲ್ಲಿದ್ದವರು ಇದನ್ನು ಬರೆದಿದ್ದಾರೆ ಎಂದು ಓದಿ ನನಗೆ ನಗು ಬಂತು.

ರವೀಂದ್ರನಾಥರು 1924ರಲ್ಲಿ ಪೆರುವಿನ ಶತಮಾನೋತ್ಸವಕ್ಕೆ ಹೊರಟವರು, ದಾರಿಯಲ್ಲಿ ಕಾಯಿಲೆ ಬಿದ್ದು ಬ್ಯೂನಸ್ ಐರಿಸ್‌ನಲ್ಲೇ ಇಳಿದುಕೊಂಡರು. ವಿಕ್ಟೋರಿಯಾ ಒಕಾಂಪೊ ಎಂಬ ಹೆಣ್ಣುಮಗಳು ಅವರನ್ನು ಸ್ಯಾನ್ ಇಸಿದ್ರೊದಲ್ಲಿ ನದಿ ಕಾಣುವ ಮನೆಯೊಂದರಲ್ಲಿ ಇರಿಸಿ ಎರಡು ತಿಂಗಳು ನೋಡಿಕೊಂಡರು. ಕವಿ ಅವರನ್ನು ವಿಜಯಾ ಎಂದು ಕರೆದರು. 1925ರ 'ಪೂರಬಿ' ಸಂಕಲನ ಅವರಿಗೇ ಅರ್ಪಿತ. ಹೊರಡುವಾಗ ಆಕೆ ಕವಿ ಕೂರುತ್ತಿದ್ದ ಆರಾಮಕುರ್ಚಿಯನ್ನೂ ಹಡಗಿಗೆ ಹಾಕಿಸಿದರು. ಕುರ್ಚಿ ಕ್ಯಾಬಿನ್ನಿನ ಬಾಗಿಲಲ್ಲಿ ಹಿಡಿಸಲಿಲ್ಲ. ಆಕೆ ಬಾಗಿಲನ್ನೇ ಕಳಚಿಸಿದರಂತೆ! ಆ ಕುರ್ಚಿ ಶಾಂತಿನಿಕೇತನದವರೆಗೆ ಬಂತು. ಇಷ್ಟಾದರೂ ಇಬ್ಬರ ನಡುವಿನ ಭಾಷೆ ಇಂಗ್ಲಿಷ್. ಕವಿಗೆ ಸ್ಪ್ಯಾನಿಷ್ ಬರದು, ಆಕೆಗೆ ಬಂಗಾಳಿ ಬರದು, ಮನಸ್ಸಿನಲ್ಲಿದ್ದದ್ದನ್ನು ಇಂಗ್ಲಿಷಿನಲ್ಲಿ ಹೇಳಲಾಗದೆ ಒಕಾಂಪೊ ಒದ್ದಾಡಿದರು. ಸ್ಪೇನಿನಲ್ಲಿ ರವೀಂದ್ರರನ್ನು ಮನೆಮಾತು ಮಾಡಿದ ಸೆನೊಬಿಯಾ ಕಾಂಪ್ರುಬಿ ಮತ್ತು ಕವಿ ಹುವಾನ್ ರಾಮೋನ್ ಹಿಮೆನೆಸ್ ಕೂಡ 1915ರಿಂದ ಅನುವಾದಿಸಿದ್ದು ಇಂಗ್ಲಿಷಿನಿಂದಲೇ. ಕೈಯಿಂದ ಕೈಗೆ ದಾಟಿ ಬಂದ ಪ್ರಸಾದ. ಮುಂದೆ ಶಂಖ ಘೋಷ್ ಒಕಾಂಪೊ ಬರೆದದ್ದನ್ನು ಬಂಗಾಳಿಗೆ ತಂದರು. ಕೇತಕಿ ಕುಶಾರಿ ಡೈಸನ್ ಈ ಇಬ್ಬರ ಸ್ನೇಹದ ಮೇಲೆ ದೊಡ್ಡ ಪುಸ್ತಕವನ್ನೇ ಬರೆದರು. ಜಾದವಪುರದ ತೌಲನಿಕ ಸಾಹಿತ್ಯ ವಿಭಾಗದಲ್ಲಿದ್ದ ಮಾನವೇಂದ್ರ ಬಂದ್ಯೋಪಾಧ್ಯಾಯರು ಮಾರ್ಕೆಸ್, ಹುವಾನ್ ರುಲ್ಫೊ ಮೊದಲಾದವರನ್ನು ಬಂಗಾಳಿ ಓದುಗರ ಮನೆಯೊಳಗೆ ಕೂರಿಸಿದರು.

ಇನ್ನು ಪುಸ್ತಕ ಮೇಳ. ಪ್ರತಿ ವರ್ಷ ಒಂದು ದೇಶವನ್ನು ಮುಖ್ಯ ಅತಿಥಿ ಮಾಡುತ್ತಾರಲ್ಲ, 2014ರಲ್ಲಿ ಪೆರು, 2016ರಲ್ಲಿ ಬೊಲಿವಿಯ, 2017ರಲ್ಲಿ ಕೋಸ್ಟರಿಕ, 2019ರಲ್ಲಿ ಗ್ವಾಟೆಮಾಲ, 2023ರಲ್ಲಿ ಸ್ಪೇನ್. ಈ ಹುಚ್ಚು ನಮ್ಮ ಮನೆಗೆ ಬಂದದ್ದೇ ಆ 2023ರಲ್ಲಿ, ಸಾಲ್ಟ್‌ಲೇಕಿನ ಸೆಂಟ್ರಲ್ ಪಾರ್ಕಿನಲ್ಲಿ. ಮಗಳಿಗೆ ಆಗ ಒಂಬತ್ತನೆಯ ಕ್ಲಾಸು. ಸ್ಪೇನಿನ ಮಳಿಗೆಯಲ್ಲಿ ಅರ್ಧ ಗಂಟೆ ನಿಂತು, ಒಂದು ಸಾಲೂ ಅರ್ಥವಾಗದ ಚಿತ್ರಪುಸ್ತಕ ತಿರುವಿ ಹಾಕಿ, ಹೊರಗೆ ಬಂದು ಬೆಂಗಾಲಿ ಫಿಶ್ ಫ್ರೈ ತಿನ್ನುವ ಜನರ ನಡುವೆ ನಾವಿಬ್ಬರು ಸಸ್ಯಾಹಾರಿಗಳು ಜಾಲ್‌ಮುಡಿ ತಿನ್ನುತ್ತಿದ್ದಾಗ, "ಅಮ್ಮಾ, ಇದನ್ನ ಓದೋದು ಹೇಗೆ ಅಂತ ಕಲೀಬಹುದಾ?" ಎಂದಳು.

ಫುಟ್‌ಬಾಲಿನ ಮಾತು ಎತ್ತಿದರೆ ರಾಯರು ಕೋಪಿಸಿಕೊಳ್ಳುತ್ತಾರೆ. ಅವರು ಈಸ್ಟ್ ಬೆಂಗಾಲಿನ ಪರ ಎಂದು ಎಲ್ಲರಿಗೂ ಗೊತ್ತು. 2024ರ ಜನವರಿಯಲ್ಲಿ ಹನ್ನೆರಡು ವರ್ಷಗಳ ಬರ ಮುಗಿಸಿ ಸೂಪರ್ ಕಪ್ ಗೆಲ್ಲಿಸಿದ ಕೋಚು ಕಾರ್ಲೆಸ್ ಕ್ವಾದ್ರಾತ್ ಯಾವ ದೇಶದವರು ಸಾರ್? ಅವರ ನಂತರ ಬಂದ ಆಸ್ಕರ್ ಬ್ರೂಸೊನ್? ಆಚೆ ಬದಿಯ ಬೆಂಚಿನಲ್ಲಿ, ಮೋಹನ ಬಾಗಾನಿನ ಕೋಚಾಗಿ ಕುಳಿತಿದ್ದ ಹೊಸೆ ಮೊಲಿನಾ? 2024–25ರ ಡರ್ಬಿಯಲ್ಲಿ ಎರಡೂ ಕಡೆಯ ಬೈಗುಳ ಸ್ಪ್ಯಾನಿಷಿನಲ್ಲೇ ಇದ್ದಿರಬೇಕು.

ಮೂರು: 'ಇದರಿಂದ ಉಪಯೋಗವೇನು?' ಇದಕ್ಕೆ ಜನ ನನ್ನಿಂದ ನೌಕರಿಯ ಲೆಕ್ಕ ನಿರೀಕ್ಷಿಸುತ್ತಾರೆ. ಬೇಕಾದರೆ ಹೇಳಬಹುದು: ಇಪ್ಪತ್ತು ದೇಶಗಳ ಆಡಳಿತ ಭಾಷೆ, ಹೆಚ್ಚುಕಡಿಮೆ ಐವತ್ತು ಕೋಟಿ ಜನರ ತಾಯಿನುಡಿ, ವಡೋದರದಲ್ಲಿ ಟಾಟಾದವರು ಏರ್‌ಬಸ್ ಜೊತೆ ಸ್ಪೇನ್ ಮೂಲದ ಸಿ-295 ವಿಮಾನ ಕಟ್ಟುವ ಕಾರ್ಖಾನೆ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಹೇಳಿದ್ದಾಯಿತು. ಆದರೆ ಆ ತಕ್ಕಡಿಯಲ್ಲಿ ಕೂರಲು ನನಗೆ ಇಷ್ಟವಿಲ್ಲ. ಏಕೆಂದರೆ ನಾಳೆ ಅದೇ ತಕ್ಕಡಿಯಲ್ಲಿ ನೀವು ಕನ್ನಡವನ್ನೂ ಇಡಬೇಕಾಗುತ್ತದೆ, ಕಲ್ಕತ್ತದಲ್ಲಿ ಕನ್ನಡದ ಉಪಯೋಗವೇನು ಎಂದು ನನ್ನ ಮಗಳು ತಿರುಗಿ ಕೇಳಬಹುದು. ಆಗ ಏನು ಹೇಳುತ್ತೀರಿ?

ಬಿ. ವೆಂಕಟಾಚಾರ್ಯರನ್ನು ನೆನೆಸಿಕೊಳ್ಳಿ. ಮೈಸೂರು ಸಂಸ್ಥಾನದ ಸರ್ಕಾರಿ ನೌಕರಿಯಲ್ಲಿದ್ದ ಮನುಷ್ಯ, 1845ರಲ್ಲಿ ಹುಟ್ಟಿದವರು. ಅವರಿಗೆ ಬಂಗಾಳಿಯಿಂದ ಬಡ್ತಿ ಸಿಗುತ್ತಿತ್ತೇ, ಭತ್ಯೆ ಹೆಚ್ಚುತ್ತಿತ್ತೇ? ದೂರದ ಊರಿನಲ್ಲಿ ಕುಳಿತು ಬಂಗಾಳಿ ಕಲಿತು ಬಂಕಿಮರ ಕಾದಂಬರಿಗಳನ್ನು ಒಂದರ ಮೇಲೊಂದು ಕನ್ನಡಕ್ಕೆ ತಂದರು. ಕನ್ನಡದಲ್ಲಿ ಕಾದಂಬರಿ ಓದುವ ಚಟ ಹತ್ತಿಸಿದವರು ಅವರು. ಅವರ ನೆರೆಯವರೂ 'ಇವರಿಗೇಕೆ ಬಂಗಾಳಿ' ಎಂದು ಕೇಳಿರಬೇಕು. ಅವರಿಗೆ ಕಾಗದ ಬರೆದವರೂ ಇದ್ದಿರಬಹುದು, ಅಂಕಿ ಹಾಕಿ.

ಈಗ ನಾಲ್ಕು: 'ಮೊದಲು ಕನ್ನಡ ಕಲಿಸು.' ಇದಕ್ಕೆ ಕೆಳಗೆ ಎರಡು ಗೆರೆ ಎಳೆದಿದ್ದಾರೆ.

ಮೊದಲು ಲೆಕ್ಕ ಸರಿಮಾಡೋಣ. ಶಾಲೆಯವರು ಮುಂದಿಟ್ಟ ಪಟ್ಟಿಯಲ್ಲಿದ್ದದ್ದು ಹಿಂದಿ, ಫ್ರೆಂಚ್, ಸ್ಪ್ಯಾನಿಷ್. ಕನ್ನಡ ಇರಲಿಲ್ಲ. ಸ್ಪ್ಯಾನಿಷ್ ಕುಳಿತ ಜಾಗದಿಂದ ಎದ್ದು ಹೋದದ್ದು ಫ್ರೆಂಚು, ಕನ್ನಡವಲ್ಲ. ಮಗಳಿಗೆ ಕನ್ನಡ ಬರೆಯಲು ಸರಿಯಾಗಿ ಬಾರದು ಎಂಬುದು ಸತ್ಯ. ಮಾತಾಡುತ್ತಾಳೆ, ತಡವರಿಸಿ ಓದುತ್ತಾಳೆ, ಬರೆದರೆ ಒತ್ತಕ್ಷರ ಎಲ್ಲೆಲ್ಲೋ ಬೀಳುತ್ತವೆ. ಅದರ ತಪ್ಪು ನನ್ನದು. ಹದಿನೇಳು ವರ್ಷ ನನ್ನ ಕೈಯಲ್ಲಿತ್ತು. ಭಾನುವಾರದ ಕನ್ನಡ ತರಗತಿ ಎರಡು ಸಲ ಶುರುವಾಗಿ ಎರಡು ಸಲ ನಿಂತಿತು, ಎರಡನೆಯ ಸಲ ನಿಲ್ಲಿಸಿದವಳು ನಾನೇ, ಪೂಜೆಯ ರಜೆಯ ನೆಪ ಹೇಳಿ. ನಿನ್ನೆ ಮೊನ್ನೆ ಬಂದ ಸ್ಪ್ಯಾನಿಷಿನ ಮೇಲೆ ಆ ಪಾಪ ಹೊರಿಸುವುದು ನ್ಯಾಯವಲ್ಲ.

ಆಮೇಲೆ ನಡೆದದ್ದನ್ನು ಕೇಳಿ. ಹನ್ನೊಂದನೆಯ ತರಗತಿಯ ಮೊದಲ ತಿಂಗಳಲ್ಲೇ ಅವಳಿಗೆ ಒಂದು ತೊಡಕು ಎದುರಾಯಿತು. ಸ್ಪ್ಯಾನಿಷಿನಲ್ಲಿ 'ಇರುವುದಕ್ಕೆ' ಎರಡು ಕ್ರಿಯಾಪದ, 'ಸೆರ್' ಮತ್ತು 'ಎಸ್ತಾರ್'. ಅವಳು ಒಳ್ಳೆಯವಳು ಎನ್ನಲು ಒಂದು, ಅವಳು ಚೆನ್ನಾಗಿದ್ದಾಳೆ ಎನ್ನಲು ಇನ್ನೊಂದು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ, ಹಾಗಾಗಿ ಕ್ಲಾಸಿನ ಮಕ್ಕಳೆಲ್ಲ ಪಟ್ಟಿ ಬಾಯಿಪಾಠ ಮಾಡುತ್ತಿದ್ದರು. ಇವಳು ಊಟಕ್ಕೆ ಕುಳಿತವಳು ತುತ್ತು ಕೈಯಲ್ಲೇ ಹಿಡಿದು, "ಅಮ್ಮಾ, ಅಜ್ಜಿ ಟೀಚರ್, ಅಜ್ಜಿ ಮನೇಲಿದ್ದಾರೆ. ಮೊದಲನೇದಕ್ಕೆ ಕನ್ನಡದಲ್ಲಿ ಕ್ರಿಯಾಪದಾನೇ ಇಲ್ಲ, ಎರಡನೇದಕ್ಕೆ ಇದೆ! ಎಲ್ಲಿ ಕನ್ನಡ ಸುಮ್ಮನಿರುತ್ತೋ ಅಲ್ಲಿ ಸೆರ್, ಎಲ್ಲಿ 'ಇದೆ' ಅನ್ನುತ್ತೋ ಅಲ್ಲಿ ಎಸ್ತಾರ್" ಎಂದಳು. ಐವತ್ತು ವರ್ಷದಿಂದ ಕನ್ನಡ ಮಾತಾಡುವ ನನಗೆ ಇದು ಹೊಳೆದಿರಲಿಲ್ಲ. ಸೂತ್ರ ಎಲ್ಲ ಕಡೆಯೂ ನಿಲ್ಲುವುದಿಲ್ಲ, ಅದೂ ನಿಜ. ಹಾಲು ಬೆಳ್ಳಗಿದೆ ಎಂದು ನೆನೆಸಿಕೊಂಡು ಎಸ್ತಾರ್ ಬರೆದಳು, ಟೀಚರ್ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದರು. ಆದರೂ ಅರ್ಧಕ್ಕಿಂತ ಹೆಚ್ಚು ದಾರಿ ಅದು ಅವಳನ್ನು ಕರೆದೊಯ್ದಿತು. 'ನನಗೆ ಕಾಫಿ ಇಷ್ಟ' ಎನ್ನುವುದು 'ಮೆ ಗುಸ್ತಾ ಎಲ್ ಕಫೆ', ಇಲ್ಲೂ ಕಾಫಿಯೇ ಕರ್ತೃ, ನಾನು ಚತುರ್ಥಿಯಲ್ಲಿ ಮೂಲೆಗೆ. 'ಬಂದೆವು' ಎಂದರೆ ಯಾರು ಬಂದದ್ದು ಎಂದು ಕೇಳಬೇಕಿಲ್ಲ, ಅವರಲ್ಲೂ ಕೇಳಬೇಕಿಲ್ಲ. ನೀನು, ನೀವು ಎಂಬ ಭೇದ ಇದೆ. ನಮ್ಮ ತ, ದ ಹಾಗೇ ಹೊಂದುತ್ತವೆ, ಇಂಗ್ಲಿಷಿನ ಟ, ಡ ಹೊಂದುವುದಿಲ್ಲ.

ಅವಳ ಬಂಗಾಳಿ ಗೆಳತಿಯರ ಖುಷಿಗೆ ಬೇರೆ ಕಾರಣ. ಸ್ಪ್ಯಾನಿಷಿನಲ್ಲಿ ವಕಾರ ಬರೆದರೂ ಬಕಾರ ಬರೆದರೂ ಉಚ್ಚಾರ ಒಂದೇ. ವಿವೇಕಾನಂದರನ್ನು ಬಿಬೇಕಾನಂದ ಎನ್ನುತ್ತಾರೆಂದು ನಗೆಗೀಡಾದವರಿಗೆ ಅಂತೂ ತಮ್ಮ ಪರ ನಿಲ್ಲುವ ಭಾಷೆಯೊಂದು ಸಿಕ್ಕಿತು. ನಗುವ ಮೊದಲು ನಾವೂ ನೆನಪಿಡಬೇಕು: ತಮಿಳಿನ 'ವಾ' ನಮ್ಮಲ್ಲಿ 'ಬಾ' ಆಗಿಯೇ ಕುಳಿತಿದೆ.

ಹೋದ ಬೇಸಿಗೆಯಲ್ಲಿ ನಮ್ಮ ಅಮ್ಮ ಮದ್ದೂರಿನಿಂದ ಬಂದಿದ್ದರು. ಟೀಚರಾಗಿ ನಿವೃತ್ತರಾದರೂ ಮನೆಯಲ್ಲಿ ಊರಿನ ಮಾತೇ. ಹಕಾರ ಅವರ ನಾಲಿಗೆಯ ಮೇಲೆ ನಿಲ್ಲುವುದಿಲ್ಲ. ಒಂದು ದಿನ ಕೆಳಗಿನ ಅಂಗಡಿಯ ಹುಡುಗನಿಗೆ ಮೆಟ್ಟಿಲ ಮೇಲಿಂದ ಕೂಗಿ "ಅರ್ಧ ಲೀಟ್ರು ಆಲು" ಎಂದರು. ಹುಡುಗ ಅರ್ಧ ಕೇಜಿ ಆಲೂಗಡ್ಡೆ ತಂದುಕೊಟ್ಟ. ನಾವು ನಕ್ಕೆವು. ಮಗಳು ನಗಲಿಲ್ಲ. ಒಳಗೆ ಹೋಗಿ ನೋಟ್‌ಬುಕ್ ತಂದಳು. ಲ್ಯಾಟಿನಿನ 'ಫೆರ್ರುಮ್' ಸ್ಪ್ಯಾನಿಷಿನಲ್ಲಿ 'ಯೆರ್ರೊ' ಆಗಿದೆ, ಕಬ್ಬಿಣ. 'ಫರಿನಾ' 'ಅರಿನಾ' ಆಗಿದೆ, ಹಿಟ್ಟು. ಎರಡನ್ನೂ ಬರೆಯುವಾಗ ಮೊದಲಿಗೆ ಹಕಾರ ಬರೆಯುತ್ತಾರೆ, ಹೇಳುವಾಗ ಹೇಳುವುದಿಲ್ಲ. ಫಕಾರ ಹೋಗಿ ಹಕಾರ, ಹಕಾರವೂ ಹೋಗಿ ಬರಿಯ ಸ್ವರ. ಪಕ್ಕದ ಪೋರ್ಚುಗೀಸರು ಮಾತ್ರ ಫಕಾರ ಉಳಿಸಿಕೊಂಡಿದ್ದಾರೆ. "ಅಜ್ಜಿ, ನಿಮ್ಮ ಊರಲ್ಲೂ ಹೀಗೇ ಆಗಿದೆಯಾ?" ಅಮ್ಮನಿಗೆ ಹಳಗನ್ನಡ ಮರೆತಿರಲಿಲ್ಲ. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು, ತಮಿಳರೂ ತುಳುವರೂ ಪಕಾರವನ್ನೇ ಉಳಿಸಿಕೊಂಡರು, ನಮ್ಮ ಮಂಡ್ಯದ ಕಡೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಊವು, ಆಲು, ಉಲಿ. ಅಜ್ಜಿ ಮೊಮ್ಮಗಳು ಆ ಮಧ್ಯಾಹ್ನವೆಲ್ಲ ಎರಡು ಕಾಲಂ ಮಾಡಿ ಬರೆದರು. ಹಳಗನ್ನಡದ ಶಕಟರೇಫದ (ಒತ್ತಿ ಹೇಳುವ ಱ) ವಿಷಯವೂ ಬಂತು; ಸ್ಪ್ಯಾನಿಷಿನಲ್ಲಿ 'ಪೆರೊ' ಎಂದರೆ ಆದರೆ, 'ಪೆರ್ರೊ' ಎಂದರೆ ನಾಯಿ, ರಕಾರ ಒತ್ತಿದರೆ ಅರ್ಥವೇ ಬೇರೆ. ಮಗಳಿಗೆ ಆ ಒತ್ತುವ ರಕಾರ ಏನು ಮಾಡಿದರೂ ಹೊರಡುತ್ತಿರಲಿಲ್ಲ. ಅಮ್ಮ ಎತ್ತು ಹೊಡೆಯುವವರ ಹಾಗೆ "ಹರ್ರ್ರ್" ಎಂದು ಮಾಡಿ ತೋರಿಸಿದರು. ಆ ಒಂದು ಅಕ್ಷರಕ್ಕೆ ಮಾತ್ರ ಅಮ್ಮನ ಹಕಾರ ಎಲ್ಲಿಂದಲೋ ಬಂತು.

ನಾನು ಮೈಸೂರಿಗೆ ಓದಲು ಹೋದಾಗ 'ಆಲು' ಎಂದದ್ದಕ್ಕೆ ಹಾಸ್ಟೆಲಿನಲ್ಲಿ ಒಂದು ವರ್ಷ ನನ್ನ ಹೆಸರೇ ಆಲೂಗಡ್ಡೆ. ನಾಚಿಕೊಂಡು ತಿದ್ದಿಕೊಂಡೆ. ಸೆರ್ವಾಂತೆಸನ ಭಾಷೆಯಲ್ಲಿ ರಾಜನೂ ಹಕಾರ ಹೇಳುವುದಿಲ್ಲ ಎಂದು ಆಗ ಯಾರಾದರೂ ಹೇಳಿದ್ದರೆ! ಹೇಳುವವರು ಇರಲಿಲ್ಲ. ರಾಯರೇ, ನನ್ನ ಮಗಳ ನೋಟ್‌ಬುಕ್ಕಿನಲ್ಲಿ ಈಗ ಕನ್ನಡ ಅಕ್ಷರ ಕಾಣುತ್ತಿರುವುದು ಸ್ಪ್ಯಾನಿಷ್ ಪಾಠದ ಪುಟಗಳಲ್ಲೇ. ಒತ್ತಕ್ಷರ ಇನ್ನೂ ಎಲ್ಲೆಲ್ಲೋ ಬೀಳುತ್ತವೆ, ಆದರೆ ಬೀಳುತ್ತಿವೆ. ಮನೆಯಲ್ಲಿ ತಮಿಳಿದ್ದ ಮಾಸ್ತಿಯವರಿಂದಲೂ ಮರಾಠಿಯಿದ್ದ ಬೇಂದ್ರೆಯವರಿಂದಲೂ ಕನ್ನಡಕ್ಕೆ ನಷ್ಟವಾಗಲಿಲ್ಲ ಎಂಬುದನ್ನು ನಿಮಗೆ ನಾನು ಹೇಳಬೇಕಿಲ್ಲ.

ಭಾವನವರ ಮಾತನ್ನು ಇಲ್ಲೇ ಮುಗಿಸುತ್ತೇನೆ. 'ಇದೆಲ್ಲ ಸುಲಭವಾಗಿ ಮಾರ್ಕ್ಸ್ ತೆಗೆಯೋ ಉಪಾಯ' ಎಂದರು. ಭಾವ, ನೀವು ಪಿಯುಸಿಯಲ್ಲಿ ತೆಗೆದುಕೊಂಡ ಭಾಷೆ ಯಾವುದು? ಸಂಸ್ಕೃತ. ಉತ್ತರ ಬರೆದದ್ದು ಯಾವುದರಲ್ಲಿ? ಇಂಗ್ಲಿಷಿನಲ್ಲಿ. ಬಂದ ಅಂಕ ನೂರಕ್ಕೆ ತೊಂಬತ್ತೇಳು ಎಂದು ಅತ್ತೆ ಇವತ್ತಿಗೂ ಹೇಳುತ್ತಾರೆ. ಇವತ್ತು ಒಂದು ಸುಭಾಷಿತ ಅರ್ಥಮಾಡಿ ಹೇಳಿ ನೋಡೋಣ. ನನ್ನ ಮಗಳು ಸ್ಪ್ಯಾನಿಷ್ ಪರೀಕ್ಷೆಯನ್ನು ಸ್ಪ್ಯಾನಿಷಿನಲ್ಲೇ ಬರೆಯಬೇಕು, ಎದುರಿಗೆ ಕುಳಿತವರ ಮುಂದೆ ಬಾಯಿಬಿಟ್ಟು ಮಾತಾಡಲೂ ಬೇಕು.

ಐದು: 'ಫೋನಿನಲ್ಲೇ ಅನುವಾದವಾಗುವಾಗ ಕಲಿಯುವ ಕಷ್ಟವೇಕೆ?' ನಾನೂ ಪರೀಕ್ಷಿಸಿದೆ. 'ಊಟ ಆಯ್ತಾ' ಎಂದು ಕೇಳಿಸಿದರೆ ಅಡುಗೆ ಸಿದ್ಧವಾಯಿತೇ ಎಂಬರ್ಥದ್ದೇನೋ ಹೊರಬಂತು. ಮುಂದೆ ಫೋನು ಇನ್ನೂ ಜಾಣನಾಗಬಹುದು, ಅದಕ್ಕೆ ನನ್ನ ತಕರಾರಿಲ್ಲ. ಎದುರಿಗಿದ್ದವರನ್ನು ನೀನು ಎನ್ನಬೇಕೋ ನೀವು ಎನ್ನಬೇಕೋ ಎಂದು ಒಂದು ಕ್ಷಣ ತಡೆದು ನೋಡುತ್ತೇವಲ್ಲ, ಆ ತಡೆಯುವುದನ್ನು ಅದು ನಮ್ಮ ಪರವಾಗಿ ಮಾಡಿಕೊಡಬೇಕೇ? ಒಕಾಂಪೊ ಕುರ್ಚಿಗಾಗಿ ಬಾಗಿಲು ಕಳಚಿಸಿದ್ದು ಯಾರ ಅನುವಾದವನ್ನೂ ನೆಚ್ಚಿಕೊಂಡಲ್ಲ.

ಆರು: 'ಅದು ಅಮೆರಿಕದ ಮೂಲನಿವಾಸಿಗಳನ್ನು ಕೊಂದು ಸುಲಿದವರ ಭಾಷೆ.' ನಿಜ. ಅಲ್ಲಗಳೆಯುವುದಿಲ್ಲ. ಆದರೆ ಇದನ್ನು ರಾಯರು 'ಕಾಂಕ್ವಿಸ್ಟಡಾರ್' ಎಂಬ ಪದವನ್ನು ಇಂಗ್ಲಿಷ್ ಪುಸ್ತಕದಿಂದ ಎತ್ತಿ ಬರೆದಿದ್ದಾರೆ. ಇಂಗ್ಲಿಷಿನವರು ಇಲ್ಲೇ ಹೂಗ್ಲಿ ದಡದಲ್ಲಿ ಏನು ಮಾಡಿದರು ಎಂಬುದನ್ನು ಆ ಪುಸ್ತಕ ಹೇಳಿರಲಿಕ್ಕಿಲ್ಲ. ಹಾಗೆ ನೋಡಿದರೆ ನಮ್ಮ ಸಾರಿನ ಮೆಣಸಿನಕಾಯಿ, ಟೊಮೆಟೊ, ಪಪ್ಪಾಯಿ ಎಲ್ಲ ಆ ಲೂಟಿಯ ಹಡಗುಗಳ ದಾರಿಯಲ್ಲೇ ಬಂದವು. ಟೊಮೆಟೊ ಎಂಬ ಮಾತೇ ಮೆಕ್ಸಿಕೊದ ನಹುವಾಟಲ್ ಜನರದು, ಸ್ಪ್ಯಾನಿಷಿನ ಬಾಯಿಂದ ನಮಗೆ ಸಿಕ್ಕಿತು. ರಾಜ್ಯೋತ್ಸವದ ದಿನ ರಾಯರು ಟೊಮೆಟೊ ಸಾರನ್ನು ಎರಡು ಸಲ ಹಾಕಿಸಿಕೊಂಡರು. ಬಡಿಸಿದವಳು ನಾನು.

ಏಳು: 'ಕಲಿಸುವವರು ಯಾರು?' ಇಲ್ಲಿ ರಾಯರು ಗೆದ್ದರು.

ಕಳೆದ ವರ್ಷ ಸೆಪ್ಟೆಂಬರಿನಲ್ಲಿ ಸ್ಪ್ಯಾನಿಷ್ ಟೀಚರ್ ಕೆಲಸ ಬಿಟ್ಟರು. ಎರಡು ತಿಂಗಳು ಕ್ಲಾಸೇ ಇಲ್ಲ. ಆ ಪೀರಿಯಡ್ಡಿನಲ್ಲಿ ಏಳು ಮಕ್ಕಳನ್ನು ಲೈಬ್ರರಿಗೆ ಕಳಿಸುತ್ತಿದ್ದರು. ಪೂಜೆಯ ರಜೆ ಮುಗಿದ ಮೇಲೆ ಬಂದ ಹೊಸ ಟೀಚರ್ ವ್ಯಾಕರಣದಲ್ಲಿ ಗಟ್ಟಿ, ಆದರೆ ಅವರಿಗೂ ಈ ಪಠ್ಯ ಹೊಸದು. 150 ಗಂಟೆಯಲ್ಲಿ ಅಲ್ಲಿಗೆ ಎಷ್ಟು ಉಳಿಯಿತು? ಮಕ್ಕಳು 'ನನ್ನ ಕುಟುಂಬ', 'ನನ್ನ ಊರು' ಎಂದು ಪ್ರಬಂಧ ಉರುಹೊಡೆಯತೊಡಗಿದರು. ಉರುಹೊಡೆದರೆ ಭಾವನವರ ಸಂಸ್ಕೃತಕ್ಕೂ ಇದಕ್ಕೂ ಏನು ವ್ಯತ್ಯಾಸ? ನಾನು ಶಾಲೆಗೆ ಹೋಗಿ ಕೇಳಿದೆ. ಪ್ರಯತ್ನಿಸುತ್ತಿದ್ದೇವೆ ಎಂದರು. ಊರಿನಲ್ಲಿ ಸ್ಪ್ಯಾನಿಷ್ ಬಲ್ಲವರು ಇಲ್ಲವೆಂದಲ್ಲ, ಜಾದವಪುರದಲ್ಲಿ ಕಲಿಸುತ್ತಾರೆ, ಗೋಲ್‌ಪಾರ್ಕಿನ ರಾಮಕೃಷ್ಣ ಮಿಷನ್ ಇನ್‌ಸ್ಟಿಟ್ಯೂಟಿನಲ್ಲಿ ದುಡಿಯುವವರೂ ಬಂದು ಕಲಿಯುತ್ತಾರೆ. ಹದಿನಾರರ ಮಕ್ಕಳ ಮುಂದೆ ನಿಂತು, ಎರಡು ವರ್ಷದಲ್ಲಿ ದಡ ಮುಟ್ಟಿಸುವವರು ಸಿಗುವುದು ಬೇರೆ ವಿಷಯ. ಫ್ರೆಂಚಿಗೆ ಈ ಊರಿನಲ್ಲಿ ತಲೆಮಾರುಗಳಿಂದ ಟೀಚರುಗಳಿದ್ದಾರೆ, ಸ್ಪ್ಯಾನಿಷಿಗೆ ಇನ್ನೂ ಆ ಬೇರು ಇಳಿದಿಲ್ಲ. ಇನ್ನೊಂದು ಮಗುವಿನ ತಾಯಿ ನನ್ನನ್ನು ಕೇಳಿದರೆ, ಮೊದಲು ಟೀಚರ್ ಎಷ್ಟು ವರ್ಷದಿಂದ ಅಲ್ಲಿದ್ದಾರೆ ಎಂದು ವಿಚಾರಿಸಿ, ಆಮೇಲೆ ಫಾರಂ ತುಂಬಿ ಎನ್ನುತ್ತೇನೆ. ನಾನು ವಿಚಾರಿಸಿರಲಿಲ್ಲ.

ಫೆಬ್ರುವರಿಯಲ್ಲಿ ಮಾತಿನ ಪರೀಕ್ಷೆ, ಮೇ ತಿಂಗಳಲ್ಲಿ ಬರೆಯುವುದು. ಈಗ ದಿನಾ ರಾತ್ರಿ ಊಟವಾದ ಮೇಲೆ ಮೇಜಿನ ಮೇಲೆ ಒಂದು ಚಿತ್ರ ಇಟ್ಟು, ಗಡಿಯಾರದಲ್ಲಿ ಹದಿನೈದು ನಿಮಿಷ ನೋಡಿ, ಅವಳು ಶುರುಮಾಡುತ್ತಾಳೆ. ನನಗೆ ಅರ್ಥವಾಗುವುದು ಅಲ್ಲೊಂದು ಇಲ್ಲೊಂದು, ತಲೆ ಆಡಿಸುತ್ತೇನೆ. ಮನೆಯಲ್ಲಿದ್ದ ಚಿತ್ರಗಳೆಲ್ಲ ಮುಗಿದಿವೆ, ಕ್ಯಾಲೆಂಡರಿನ ತಿರುಪತಿಯನ್ನೂ ವರ್ಣಿಸಿಯಾಯಿತು. ರಾಯರ ಮನೆಯಲ್ಲಿ ಎಪ್ಪತ್ತರ ದಶಕದ ಕಲ್ಕತ್ತದ ಕಪ್ಪುಬಿಳುಪು ಫೋಟೊಗಳ ಆಲ್ಬಮ್ ಇದೆ, ಟ್ರಾಮು, ಕೈಗಾಡಿ, ಮಳೆ ನಿಂತ ಬೀದಿಯಲ್ಲಿ ಪ್ಯಾಂಟು ಮಡಿಸಿ ನಿಂತ ಬ್ಯಾಂಕಿನ ತರುಣರು. ಎರಡು ವಾರ ಕೊಟ್ಟರೆ ಸಾಕು. ಭಾನುವಾರ ಬೆಳಿಗ್ಗೆ ಅವಳನ್ನೇ ಕಳಿಸುತ್ತೇನೆ. ಎಂಟನೆಯ ಅಂಶವೇನಾದರೂ ಇದ್ದರೆ ಅವಳ ಕೈಯಲ್ಲೇ ಕೊಟ್ಟು ಕಳಿಸಿ ಸಾರ್, ಕನ್ನಡದಲ್ಲಿ ಬರೆದು. ಓದಿಕೊಳ್ಳುತ್ತಾಳೆ.